ಕಪಾಟಿನೊಳಗಿನ ಕೆಂಡ

ಮುಂಬಯಿಯ ಮನೆಗಳಲ್ಲಿ ಸ್ಥಳಕ್ಕೆ ಬರವುಂಟು. ಕೂಡಿಟ್ಟ ಹಳೆಯ ವಸ್ತುಗಳಿಗೆ ಬರವಿಲ್ಲ. ಎಂದಾದರೊಂದು ದಿನ ಉಪಯೋಗಕ್ಕೆ ಬಂದೀತೆಂದು ಅಟ್ಟಕ್ಕೇರಿಸಿದ ಪೆಟ್ಟಿಗೆ ಗಿರಗಾಂವದ ಚಾಳಿನಲ್ಲಿಯೂ ಉಂಟು, ಡೊಂಬಿವಲಿಯ ಹೊಸ ಫ್ಲ್ಯಾಟಿನಲ್ಲಿಯೂ ಉಂಟು. ಹಿಂದೆ ಅದರಲ್ಲಿ ಊರಿನಿಂದ ತಂದ ತಾಮ್ರದ ಚೆಂಬು, ನಿಂತುಹೋದ ಗಡಿಯಾರಗಳಿರುತ್ತಿದ್ದವು. ಇಂದು ಹಳೆಯ ಮೊಬೈಲು, ಪವರ್ ಬ್ಯಾಂಕು, ಟ್ರಿಮ್ಮರುಗಳಿವೆ. ಕೆಲವು ಮನೆಗಳಲ್ಲಿ ತಂದೆತಾಯಿಗಳ ಕಣ್ಣು ತಪ್ಪಿಸಿ ಮಗನು ಬಟ್ಟೆಯಡಿ ಅಡಗಿಸಿಟ್ಟ ವೇಪ್ ಎಂಬ ವಿದ್ಯುತ್ ಸಿಗರೇಟೂ ಇದೆ. ಚೆಂಬು ಹತ್ತು ವರ್ಷ ಬಿದ್ದಿದ್ದರೆ ಕಿಲುಬು ಹಿಡಿದೀತು, ಅಷ್ಟೆ. ಈ ಹೊಸ ವಸ್ತುಗಳ ಸ್ವಭಾವವೇ ಬೇರೆ.

ಇವುಗಳೊಳಗೆ ಬಿಚ್ಚಿ ತೆಗೆಯಲಾಗದಂತೆ ಕೂಡಿಸಿದ ಲಿಥಿಯಂ ಅಯಾನ್ ಬ್ಯಾಟರಿಯಿದೆ. ಬಳಸದೆ ಇಟ್ಟರೂ ಅದು ಮೆಲ್ಲಮೆಲ್ಲನೆ ಬರಿದಾಗುತ್ತದೆ. ಸುಮಾರು ಎರಡೂವರೆ ವೋಲ್ಟಿಗಿಂತ ಬಹಳ ಕೆಳಗಿಳಿದು ಹಾಗೆಯೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದನ್ನು ತಿಂಗಳುಗಳ ಬಳಿಕ ಚಾರ್ಜಿಗೆ ಹಾಕಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುವ ಭಯವುಂಟು. ಪೂರ್ಣ ಚಾರ್ಜು ಮಾಡಿ ಸೆಕೆಯಲ್ಲಿಟ್ಟರೆ ಬೇಗ ಹಾಳಾಗುತ್ತದೆ. ಕೆಲವೊಮ್ಮೆ ಅನಿಲ ತುಂಬಿ ಉಬ್ಬುತ್ತದೆ. ಒಳಗಿನ ದ್ರವವು ಸುಲಭವಾಗಿ ಉರಿಯುವಂಥದು. ವೇಪಿನಲ್ಲಾದರೋ ಬ್ಯಾಟರಿಯ ಪಕ್ಕದಲ್ಲಿಯೇ ಕಾಯುವ ತಂತಿಯಿದೆ, ಮಗುವಿನ ಬಾಯಿಗೆ ಬಿದ್ದರೆ ವಿಷವಾಗುವ ನಿಕೋಟಿನ್ ದ್ರವವಿದೆ.

2022ರ ಸೆಪ್ಟೆಂಬರಿನಲ್ಲಿ ವಸಯಿಯ ಮನೆಯೊಂದರಲ್ಲಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರಿನ ಬ್ಯಾಟರಿ ಸಿಡಿದು ಏಳು ವರ್ಷದ ಬಾಲಕನೊಬ್ಬನು ಸುಟ್ಟಗಾಯಗಳಿಂದ ಮೃತಪಟ್ಟುದನ್ನು ಓದುಗರು ಮರೆತಿರಲಾರರು. ಅದು ದೊಡ್ಡ ಬ್ಯಾಟರಿ, ಇವು ಚಿಕ್ಕವು, ನಿಜ. ಆದರೆ ಬೆಂಕಿಗೆ ಗಾತ್ರದ ಹಂಗಿಲ್ಲ. ಹತ್ತು ಮಂದಿ ಮಲಗುವ ಹೊಟೇಲಿನ ಖೋಲಿಯಲ್ಲಿ, ಹಾಸಿಗೆ ಬಟ್ಟೆಗಳ ನಡುವೆ ಒಂದು ಕಿಡಿಯೇ ಸಾಕು.

ಈಗ ಕಾಯಿದೆಯ ಮಾತು. 2019ರಲ್ಲಿ ಕೇಂದ್ರ ಸರಕಾರವು ವಿದ್ಯುತ್ ಸಿಗರೇಟುಗಳ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದಾಸ್ತಾನಿಗೆ ಸ್ಥಳ ಕೊಟ್ಟವನಿಗೂ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರದವರೆಗೆ ದಂಡ, ಅಥವಾ ಎರಡೂ ಉಂಟು. ಅಂಗಡಿ ನಡೆಸುವ ನಮ್ಮ ಬಂಧುಗಳು ಇದನ್ನು ನೆನಪಿನಲ್ಲಿಡಬೇಕು. ಈ ನಿಷೇಧವನ್ನು ನಾವು ಮನಃಪೂರ್ವಕ ಸಮರ್ಥಿಸುತ್ತೇವೆ; ಅದನ್ನು ಸಡಿಲಿಸಿರೆಂದು ಹೇಳುವವರಲ್ಲ.

ಆದರೆ ಒಂದು ಕೊರತೆಯನ್ನು ಎತ್ತಿ ತೋರಿಸದೆ ಇರಲಾರೆವು. ಅಂದು ಮಾರಾಟಕ್ಕೆಂದು ಇಟ್ಟುಕೊಂಡಿದ್ದ ಸರಕನ್ನು ಪಟ್ಟಿ ಮಾಡಿ ಅಧಿಕಾರಿಗೆ ಒಪ್ಪಿಸಬೇಕೆಂದು ಕಾಯಿದೆಯು ವ್ಯಾಪಾರಿಗೆ ದಾರಿ ತೋರಿತು. ಮನೆಯ ಕಪಾಟು ಸೇರಿದ ಒಂದೆರಡಕ್ಕೆ ಅಂಥ ದಾರಿಯನ್ನು ತೋರಲಿಲ್ಲ. ಸೇದುವುದನ್ನೇ ಅಪರಾಧವೆಂದು ಸಾರುವ ಕಲಮು ಅದರಲ್ಲಿಲ್ಲವಾದರೂ ಪೊಲೀಸರ ಭಯ, ತಂದೆಯ ಭಯ ಎರಡೂ ಹುಡುಗನನ್ನು ಕಾಡುತ್ತವೆ. ಭಯವು ವಸ್ತುವನ್ನು ಅಡಗಿಸುತ್ತದೆ. ಅಡಗಿಸಿದ ವಸ್ತು ಉಬ್ಬಿದೆಯೋ ಬಿಸಿಯಾಗಿದೆಯೋ ನೋಡುವವರಿಲ್ಲ. ಕೊನೆಗೊಂದು ದಿನ ಅದು ಹಸಿ ಕಸದಲ್ಲಿ ಸೇರಿ, ಕಸ ಅಮುಕುವ ಲಾರಿಯಲ್ಲಿ ನಜ್ಜುಗುಜ್ಜಾಗುತ್ತದೆ. ಆಗ ಅಪಾಯಕ್ಕೆ ಈಡಾಗುವವನು ಸೇದಿದವನಲ್ಲ, ಬಡ ಸಫಾಯಿ ಕಾರ್ಮಿಕ.

ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೆ ಇಲ್ಲವೆ ಮರುಬಳಕೆ ಮಾಡುವವರಿಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ನಾಗರಿಕನಿಗೆ ವಿಧಿಸಿವೆ. ಕರ್ತವ್ಯವನ್ನು ವಿಧಿಸಿದವರು ಅದನ್ನು ನೆರವೇರಿಸುವ ಸೌಕರ್ಯವನ್ನೂ ಒದಗಿಸಬೇಡವೇ? ಮಹಾನಗರಪಾಲಿಕೆಯ ಪ್ರತಿಯೊಂದು ವಾರ್ಡು ಕಚೇರಿಯಲ್ಲಿಯೂ ಹೆಸರು ಕೇಳದೆ, ಪ್ರಶ್ನೆ ಮಾಡದೆ ಇಂಥ ವಸ್ತುಗಳನ್ನು ಸ್ವೀಕರಿಸುವ ಪೆಟ್ಟಿಗೆಯೊಂದನ್ನು ಇರಿಸಬೇಕೆಂಬುದು ನಮ್ಮ ಆಗ್ರಹ. ನಮ್ಮ ಕನ್ನಡ ಸಂಘಗಳೂ ವರ್ಷಕ್ಕೊಮ್ಮೆ ರಕ್ತದಾನ ಶಿಬಿರದಂತೆ ಹಳೆಯ ಬ್ಯಾಟರಿಗಳ ಸಂಗ್ರಹಕ್ಕೊಂದು ದಿನವನ್ನು ಮೀಸಲಿಟ್ಟು, ಕೂಡಿದ್ದನ್ನು ನೋಂದಾಯಿತ ಸಂಸ್ಥೆಗೆ ತಲುಪಿಸಬಹುದು.

ಗೃಹಸ್ಥರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬಹುದಿನ ಇಡಲೇಬೇಕಾದ ಮೊಬೈಲು, ಪವರ್ ಬ್ಯಾಂಕುಗಳನ್ನು ಅರ್ಧದಷ್ಟು ಚಾರ್ಜು ಮಾಡಿ, ಆರಿಸಿ, ತಂಪಾದ ಒಣ ಜಾಗದಲ್ಲಿರಿಸಿ. ಒಲೆಯ ಮೇಲಣ ಅಟ್ಟ, ತಗಡಿನ ಮಾಡಿನಡಿಯ ಮೂಲೆ ಬೇಡ. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ. ಒಣ ಮರಳು ತುಂಬಿದ ಕಬ್ಬಿಣದ ಬಾಲ್ದಿಯಲ್ಲಿಟ್ಟು ಬೇಗನೆ ವಿಲೇವಾರಿ ಮಾಡಿ. ವೇಪನ್ನಂತೂ ಜೋಪಾನವಾಗಿಡುವ ಮಾತೇ ಬೇಡ. ಅದು ಮನೆಯಿಂದ ಹೊರಗೆ ಹೋಗಬೇಕಾದ ವಸ್ತು.

ಕೊನೆಯದಾಗಿ, ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗನ ಕಪಾಟಿನಲ್ಲಿ ಅದು ಸಿಕ್ಕಿದರೆ ಮೊದಲು ಕೈಯೆತ್ತಬೇಡಿ. ಅವನಾಗಿಯೇ ತಂದೊಪ್ಪಿಸುವಷ್ಟು ಧೈರ್ಯವನ್ನು ಅವನಿಗೆ ಕೊಡಿ. ಬುದ್ಧಿವಾದವನ್ನು ನಾಳೆಯೂ ಹೇಳಬಹುದು. ಮನೆ ಹೊತ್ತಿಕೊಂಡ ಮೇಲೆ ಬಾವಿ ತೋಡಲಾಗದು.