ಕಿವಿಯಿಂದ ಓದುವ ಪದವಿ ವಿದ್ಯಾರ್ಥಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮುಖಾಂತರ: ಮಾನ್ಯ ಸಹಾಯಕ ಆಯುಕ್ತರು, ಬಸವಕಲ್ಯಾಣ ಉಪವಿಭಾಗ.

ವಿಷಯ: ಓದಿ ಹೇಳುವ ತಂತ್ರಾಂಶದ ನೆರವಿನಿಂದ ಪದವಿ ವ್ಯಾಸಂಗ ಮಾಡುತ್ತಿರುವವರಿಗೆ ಯೂನಿಕೋಡ್ ಪಠ್ಯ, ಪರೀಕ್ಷಾ ಸೌಲಭ್ಯ ಮತ್ತು ಓದುವ ಕೊಠಡಿ ಒದಗಿಸುವಂತೆ ಸಂಬಂಧಿಸಿದವರಿಗೆ ಶಿಫಾರಸು ಮಾಡಲು ಕೋರಿ.

ಮಾನ್ಯರೇ,

ನಾವು ಬೀದರ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳ ಕಾಲೇಜುಗಳಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿಗಳು. ನಮ್ಮಲ್ಲಿ ಅಂಧರಿದ್ದಾರೆ, ಮಂದದೃಷ್ಟಿಯವರಿದ್ದಾರೆ, ಅಕ್ಷರ ಕಂಡರೂ ಸಾಲು ಹಿಡಿತಕ್ಕೆ ಸಿಗದ ನಿರ್ದಿಷ್ಟ ಕಲಿಕಾ ನ್ಯೂನತೆಯವರೂ ಇದ್ದಾರೆ. ಈ ಮೂರೂ ಸ್ಥಿತಿಗಳು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿವೆ.

ನಾವು ಪಾಠ ಓದುವುದು ಕಿವಿಯಿಂದ. ಓದಿ ಹೇಳುವ ತಂತ್ರಾಂಶ ಟಾಕ್‌ಬ್ಯಾಕ್ ಆಂಡ್ರಾಯ್ಡ್ ಫೋನಿನ ಜೊತೆಗೇ ಬರುತ್ತದೆ. ಅಂಧ ತಂತ್ರಜ್ಞ ಮೈಕೆಲ್ ಕರನ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಎನ್‌ವಿಡಿಎ ತಂತ್ರಾಂಶವನ್ನು ಯಾರು ಬೇಕಾದರೂ ಕಂಪ್ಯೂಟರಿಗೆ ಉಚಿತವಾಗಿ ಹಾಕಿಕೊಳ್ಳಬಹುದು. ಎರಡರಲ್ಲೂ ಕನ್ನಡ ಕೇಳಬಹುದು. ಹೀಗೆ ಓದುವ ಸಾಧನ ನಮ್ಮ ಕೈಯಲ್ಲಿದೆ. ಆದರೆ ಅದಕ್ಕೆ ಓದಲು ಬರುವಂಥ ಪಠ್ಯ ನಮಗೆ ತಲುಪುತ್ತಿಲ್ಲ. ನಮ್ಮ ಬೇಡಿಕೆಗಳೆಲ್ಲ ಹುಟ್ಟಿರುವುದು ಇಲ್ಲಿಂದಲೇ.

ತೊಂದರೆಯ ಸ್ವರೂಪ

ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವ ನೋಟ್ಸ್ ಹೆಚ್ಚಾಗಿ ಎರಡು ಬಗೆಯವು. ಮೊದಲನೆಯದು, ಝೆರಾಕ್ಸ್ ಪುಟದ ಫೋಟೊ ತೆಗೆದು ಮಾಡಿದ ಪಿಡಿಎಫ್. ತಂತ್ರಾಂಶದ ಪಾಲಿಗೆ ಅದು ಬರಿಯ ಚಿತ್ರ. ಪುಟ ತೆರೆದರೆ ಮೌನ. ಎರಡನೆಯದು, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತ. ಅಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ನಮ್ಮ ಇಯರ್‌ಫೋನಿನಲ್ಲಿ ‘ಪಿ, ಪೌಂಡ್, ಕ್ಯೂ’ ಎಂದು ಒಡೆದು ಕೇಳಿಸುತ್ತದೆ. ನಮ್ಮದು ಗಡಿ ಭಾಗ. ಉರ್ದು, ಮರಾಠಿ ಓದುವ ಗೆಳೆಯರೂ ಇದ್ದಾರೆ. ಹಳೆಯ ಇನ್‌ಪೇಜ್ ತಂತ್ರಾಂಶದ ಉರ್ದು ಕಡತ, ಯೂನಿಕೋಡ್ ಅಲ್ಲದ ಮರಾಠಿ ಫಾಂಟಿನ ಕಡತ ತೆರೆದಾಗ ಅವರ ಪಾಡೂ ಇದೇ.

ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಪಠ್ಯವಾದರೆ ಈ ತೊಡಕಿಲ್ಲ. ಬಸವಾದಿ ಶರಣರ 20 ಸಾವಿರಕ್ಕೂ ಹೆಚ್ಚು ವಚನಗಳು ‘ವಚನ ಸಂಚಯ’ ಜಾಲತಾಣದಲ್ಲಿ ಯೂನಿಕೋಡಿನಲ್ಲಿವೆ. ಬೇಕಾದ ವಚನವನ್ನು ಹುಡುಕಿ, ಯಾರ ಹಂಗೂ ಇಲ್ಲದೆ ಓದಿಸಿಕೊಳ್ಳುತ್ತೇವೆ. ಅದೇ ವಚನದ ಮೇಲಿನ ಪ್ರಶ್ನೆಪತ್ರಿಕೆಯನ್ನು ಮಾತ್ರ ಬೇರೆಯವರು ಓದಿ ಹೇಳಬೇಕು. ನಮಗಾಗಿ ಉತ್ತರ ಬರೆಯುವ ಲಿಪಿಕಾರರು ಒಮ್ಮೆ ಓದಿದ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿ ಎನ್ನಲು ಸಂಕೋಚ. ವಿಷಯ ಗೊತ್ತಿಲ್ಲದವರು ಪಾರಿಭಾಷಿಕ ಪದಗಳನ್ನು ತಪ್ಪಾಗಿ ಓದಿದರೆ ಅಂಕ ಹೋಗುವುದು ನಮ್ಮದು.

ಕಾನೂನಿನ ಆಧಾರ

ಅಧಿನಿಯಮದ ಕಲಂ 17, ಪುಸ್ತಕ ಮತ್ತು ನೆರವಿನ ಸಾಧನಗಳನ್ನು ಉಚಿತವಾಗಿ ಕೊಡುವ ಹೊಣೆ 18 ವರ್ಷದವರೆಗೆ ಮಾತ್ರ ಎಂದು ಹೇಳುತ್ತದೆ. ನಾವು ಪದವಿಗೆ ಸೇರುವ ಹೊತ್ತಿಗೆ ಆ ವಯಸ್ಸು ದಾಟಿರುತ್ತದೆ. ಆದರೆ ಕಲಂ 16 ಹೇಳುವ ಸೂಕ್ತ ಅನುಕೂಲ, ಕಲಂ 17ರಲ್ಲೇ ಇರುವ ಪರೀಕ್ಷಾ ಪದ್ಧತಿಯ ಮಾರ್ಪಾಡು, ಕಲಂ 42ರ ಸುಗಮ್ಯ ಮಾಹಿತಿ ಇವುಗಳಿಗೆ ವಯಸ್ಸಿನ ಮಿತಿಯಿಲ್ಲ. ನಮ್ಮ ಬೇಡಿಕೆಗಳು ಇವುಗಳ ಮೇಲೆ ನಿಂತಿವೆ.

ವಿಕಾಸ್ ಕುಮಾರ್ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್, ಸೂಕ್ತ ಅನುಕೂಲದ ಹಕ್ಕು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮಾತ್ರ ಸೀಮಿತವಲ್ಲ ಎಂದಿದೆ. ರಾಜೀವ್ ರತೂರಿ ಪ್ರಕರಣದಲ್ಲಿ (2024) ಸುಗಮ್ಯತೆಯ ಮಾನದಂಡಗಳು ಕಡ್ಡಾಯವಾಗಿರಬೇಕೆಂದು ಹೇಳಿದೆ. ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ: 2012ರ ತಿದ್ದುಪಡಿಯ ನಂತರ, ಅಂಗವಿಕಲರ ಬಳಕೆಗಾಗಿ ಪುಸ್ತಕವನ್ನು ಸುಗಮ್ಯ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ.

ನಮ್ಮ ಬೇಡಿಕೆಗಳು

1. ಎರಡೂ ತಾಲ್ಲೂಕುಗಳ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಪದವಿ ಕಾಲೇಜುಗಳಲ್ಲಿ ನೋಟ್ಸ್, ಸುತ್ತೋಲೆ, ವೇಳಾಪಟ್ಟಿಗಳನ್ನು ಯೂನಿಕೋಡಿನಲ್ಲೇ ಕೊಡಬೇಕು. ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಳೆಯ ಕಡತಗಳನ್ನು ಬದಲಿಸಲು ಉಚಿತ ಪರಿವರ್ತಕಗಳಿವೆ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಆದೇಶ ಸಾಕು.

2. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಪ್ರಕಟಿಸುವ ಪದವಿ ಪಠ್ಯಗಳ ಯೂನಿಕೋಡ್ ಪ್ರತಿ ತರಗತಿ ಆರಂಭವಾಗುವ ದಿನವೇ ನಮಗೆ ಸಿಗಬೇಕು. ಸೆಮಿಸ್ಟರ್ ಮುಗಿಯುವಾಗ ಬಂದ ಪುಸ್ತಕದಿಂದ ಪ್ರಯೋಜನವಿಲ್ಲ.

3. ಮುದ್ರಿತ ಪ್ರತಿ ಮಾತ್ರ ಇರುವ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಬೇಕು. ಕನ್ನಡ ಮುದ್ರಣವನ್ನು ಗುರುತಿಸುವ ‘ಲಿಪಿ ಜ್ಞಾನಿ’ ತಂತ್ರಾಂಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ರೂಪಿಸಲಾಗಿದೆ. ಒತ್ತಕ್ಷರಗಳಲ್ಲಿ ಉಳಿಯುವ ತಪ್ಪುಗಳನ್ನು ಆಯಾ ವಿಷಯದ ಅಧ್ಯಾಪಕರು ತಿದ್ದಿಕೊಡಬೇಕು.

4. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ರಾಷ್ಟ್ರೀಯ ಆನ್‌ಲೈನ್ ಗ್ರಂಥಾಲಯದಲ್ಲಿ ನಮ್ಮ ಸದಸ್ಯತ್ವ ಮಾಡಿಸಿಕೊಡುವ ಹೊಣೆಯನ್ನು ಕಾಲೇಜು ಗ್ರಂಥಪಾಲಕರಿಗೆ ವಹಿಸಬೇಕು.

5. ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಇಯರ್‌ಫೋನ್ ಮೂಲಕ ಸ್ವತಃ ಓದಿಕೊಳ್ಳುವ ಆಯ್ಕೆ ಬೇಕು. ಅಂತರ್ಜಾಲ ಸಂಪರ್ಕ ತೆಗೆದ ಯಂತ್ರವಾದರೆ ಗೌಪ್ಯತೆಗೆ ಧಕ್ಕೆಯಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಯಂತ್ರವನ್ನು ಹಿಂದಿನ ದಿನ ಪರಿಶೀಲಿಸಲು ಅವಕಾಶ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಕೊಡಬೇಕು. ಲಿಪಿಕಾರರು ಬೇಕೆನ್ನುವವರಿಗೆ ಆ ಸೌಲಭ್ಯ ಮುಂದುವರಿಯಬೇಕು.

6. ಬಸವಕಲ್ಯಾಣದಲ್ಲಿ ಒಂದು, ಹುಮನಾಬಾದಿನಲ್ಲಿ ಒಂದು ಓದುವ ಕೊಠಡಿ ಬೇಕು. ಕಂಪ್ಯೂಟರ್, ಸ್ಕ್ಯಾನರ್, ಹೆಡ್‌ಫೋನ್ ಮತ್ತು ತಂತ್ರಾಂಶದ ಬಳಕೆ ಕಲಿಸಿಕೊಡುವ ಒಬ್ಬರು ಇದ್ದರೆ ಸಾಕು. ಸಂವಿಧಾನದ 371(ಜೆ) ವಿಧಿಯಡಿ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದಕ್ಕೆ ಅವಕಾಶ ಮಾಡಬೇಕು. ಇಷ್ಟನ್ನು ಕಲಿಯಲು ಬೀದರಕ್ಕೋ ಕಲಬುರಗಿಗೋ ಬಸ್ಸು ಹಿಡಿಯುವುದು ತಪ್ಪಬೇಕು.

7. ರಾಜ್ಯ ಸರ್ಕಾರದ ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆಗೆ ಅರ್ಜಿ ಹಾಕಲು ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ವರ್ಷಕ್ಕೊಮ್ಮೆ ಕಾಲೇಜಿಗೇ ಬಂದು ನೆರವಾಗಬೇಕು. ಕಲಿಕಾ ನ್ಯೂನತೆಯ ತಪಾಸಣೆ ಮತ್ತು ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಶಿಬಿರ ನಡೆಸಬೇಕು. ಈ ಪ್ರಮಾಣಪತ್ರ ಇಲ್ಲದ ಕಾರಣಕ್ಕೇ ನಮ್ಮಲ್ಲಿ ಕೆಲವರು ‘ಓದಲು ಸೋಮಾರಿ’ ಎನಿಸಿಕೊಂಡು ಪದವಿಯವರೆಗೆ ಬಂದಿದ್ದಾರೆ.

ಪ್ರಾರ್ಥನೆ

ತಾವು ಕಲಂ 80ರ ಅಧಿಕಾರ ಬಳಸಿ ಈ ವಿಷಯವನ್ನು ವಿಚಾರಣೆಗೆ ಎತ್ತಿಕೊಂಡು, ಸಂಬಂಧಿಸಿದ ಇಲಾಖೆ ಮತ್ತು ವಿಶ್ವವಿದ್ಯಾಲಯಗಳಿಗೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ. ಶಿಫಾರಸು ತಲುಪಿದ 3 ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಮಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ನಮಗೂ ತಿಳಿಸಬೇಕು ಎಂದು ಕಲಂ 81 ಹೇಳುತ್ತದೆ. ಮೊದಲ ಹಾಗೂ ಐದನೆಯ ಬೇಡಿಕೆಗಳನ್ನು ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಮುನ್ನವೇ ಜಾರಿಗೆ ತರಿಸಬೇಕು. ವಿಚಾರಣೆಯನ್ನು ಬಸವಕಲ್ಯಾಣ ಅಥವಾ ಹುಮನಾಬಾದಿನಲ್ಲಿ ನಡೆಸಿದರೆ, ತಂತ್ರಾಂಶ ಯಾವ ಕಡತವನ್ನು ಓದುತ್ತದೆ, ಯಾವುದರ ಮುಂದೆ ಸೋಲುತ್ತದೆ ಎಂಬುದನ್ನು ನಾವೇ ತೋರಿಸಿಕೊಡುತ್ತೇವೆ.

ಈ ಮನವಿಗೆ ಬರುವ ಉತ್ತರ ಸ್ಕ್ಯಾನ್ ಮಾಡಿದ ಪ್ರತಿಯಾಗಿದ್ದರೆ ಅದನ್ನೂ ನಾವು ಓದಲಾರೆವು. ಆದ್ದರಿಂದ ಯೂನಿಕೋಡ್ ಪಠ್ಯದಲ್ಲೇ ಕಳುಹಿಸಿಕೊಡಬೇಕಾಗಿ ವಿನಂತಿ.



ತಮ್ಮ ವಿಶ್ವಾಸಿಗಳು,
ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)

ಸ್ಥಳ: ಬಸವಕಲ್ಯಾಣ

ಪ್ರತಿ, ಮಾಹಿತಿ ಮತ್ತು ಮುಂದಿನ ಕ್ರಮಕ್ಕಾಗಿ:
ಕುಲಸಚಿವರು (ಮೌಲ್ಯಮಾಪನ), ಬೀದರ ವಿಶ್ವವಿದ್ಯಾಲಯ
ಜಂಟಿ ನಿರ್ದೇಶಕರು, ಕಾಲೇಜು ಶಿಕ್ಷಣ ಇಲಾಖೆ, ಕಲಬುರಗಿ
ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ