ಸಹಿ ಹಾಕುವ ಮುಂಚೆ ಒಂದು ಮಾತು



ನಮ್ಮ ಕನ್ನಡ ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗ ಒಂದು ಪತ್ರ ಓಡಾಡುತ್ತಿದೆ. "ನನ್ನ ಮಗುವನ್ನು ಲೈಂಗಿಕ ಶಿಕ್ಷಣದ ಪಾಠಕ್ಕೆ ಕೂರಿಸಬೇಡಿ" ಎಂದು ಹೆಡ್‌ಟೀಚರ್‌ಗೆ ಬರೆಯುವ ಪತ್ರ. ಮಗುವಿನ ಹೆಸರು ತುಂಬಿ ಸಹಿ ಹಾಕಿದರೆ ಮುಗಿಯಿತು. ನನ್ನ ತಂಗಿ ಇಯರ್ ಸಿಕ್ಸ್‌ನಲ್ಲಿದ್ದಾಳೆ. ಅಮ್ಮ ಆ ಪತ್ರವನ್ನು ನನಗೆ ಕಳಿಸಿ, "ಒಂದು ಪ್ರಿಂಟ್ ತೆಗೆದುಕೊಡೋ" ಅಂದರು. ಪ್ರಿಂಟ್ ತೆಗೆಯುವ ಮುಂಚೆ ನಾನು ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳಬೇಕು ಅನ್ನಿಸಿತು. ನಾನು ಚಿಕ್ಕವನು. ಆದರೆ ಈ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ, ಏಕೆಂದರೆ ಗುಂಪಿನಲ್ಲಿ ಎಲ್ಲವೂ ಕಲಸಿಹೋಗಿದೆ. ಇಂಗ್ಲೆಂಡಿನ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ 2020ರ ಸೆಪ್ಟೆಂಬರ್‌ನಿಂದ ಸಂಬಂಧಗಳ ಶಿಕ್ಷಣ ಕಡ್ಡಾಯ. ಕುಟುಂಬ, ಗೆಳೆತನ, ಬೇರೆಯವರಿಗೆ ಗೌರವ ಕೊಡುವುದು, ಇಂಟರ್‌ನೆಟ್‌ನಲ್ಲಿ ಜಾಗ್ರತೆ, ಯಾರಾದರೂ ತೊಂದರೆ ಕೊಟ್ಟರೆ ಯಾರಿಗೆ ಹೇಳಬೇಕು, ಇವೆಲ್ಲ ಅದರಲ್ಲಿ ಬರುತ್ತವೆ. ಮೈ ಬೆಳೆಯುವುದು, ಮುಟ್ಟಾಗುವುದು ಆರೋಗ್ಯ ಶಿಕ್ಷಣದಲ್ಲಿ ಬರುತ್ತವೆ. ಸರ್ಕಾರಿ ಶಾಲೆಗಳಲ್ಲಿ ಅದೂ ಕಡ್ಡಾಯ. ಇವುಗಳಿಂದ ಮಕ್ಕಳನ್ನು ಬಿಡಿಸಲು ಆಗುವುದಿಲ್ಲ. ವಿಜ್ಞಾನದ ಪಾಠದಿಂದಲೂ ಆಗುವುದಿಲ್ಲ. ಇದರ ಮೇಲೆ ಮಗು ಹೇಗೆ ಹುಟ್ಟುತ್ತದೆ ಎಂಬ ಲೈಂಗಿಕ ಶಿಕ್ಷಣದ ಪಾಠ ಮಾಡಬೇಕೋ ಬೇಡವೋ ಎನ್ನುವುದು ಪ್ರಾಥಮಿಕ ಶಾಲೆಗೆ ಬಿಟ್ಟದ್ದು. ಮಾಡಿದರೆ, ಅದೊಂದರಿಂದ ಮಾತ್ರ ನೀವು ಮಗುವನ್ನು ಬಿಡಿಸಬಹುದು. ನೀವು ಕೇಳಿದರೆ ಹೆಡ್‌ಟೀಚರ್ ಒಪ್ಪಲೇಬೇಕು. ಅಂದರೆ ಆ ಪತ್ರದಿಂದ ನೀವು ಬಿಡಿಸುವುದು ಒಂದೋ ಎರಡೋ ಗಂಟೆಯ ಪಾಠವನ್ನು, ಅಷ್ಟೇ.

ನಾನು ಇಯರ್ ಸಿಕ್ಸ್‌ನಲ್ಲಿದ್ದಾಗ ನನ್ನನ್ನೂ ಹಾಗೆ ಬಿಡಿಸಿದ್ದರು. ಉಳಿದವರು ತರಗತಿಯಲ್ಲಿದ್ದರು. ನಾನು, ಇನ್ನಿಬ್ಬರು ಲೈಬ್ರರಿಯಲ್ಲಿ ಕುಳಿತು ಭೂಪಟಕ್ಕೆ ಬಣ್ಣ ಹಚ್ಚಿದೆವು. ಊಟದ ಬಿಡುವಿನಲ್ಲಿ ಒಬ್ಬ ಹುಡುಗ ಬಂದು ಒಳಗೆ ನಡೆದದ್ದನ್ನೆಲ್ಲ ನಮಗೆ ವಿವರಿಸಿದ. ಅವನು ಹೇಳಿದ್ದರಲ್ಲಿ ಅರ್ಧ ತಪ್ಪು ಎಂದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಆದ್ದರಿಂದ ಆ ಪತ್ರದಿಂದ ವಿಷಯ ನನಗೆ ತಿಳಿಯದೆ ಉಳಿಯಲಿಲ್ಲ. ಟೀಚರ್ ಬದಲು ಹನ್ನೊಂದು ವರ್ಷದ ಹುಡುಗನಿಂದ ತಿಳಿಯಿತು.

ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿತ್ತು. ಇದು ಮನೆಯಲ್ಲಿ ಮಾತಾಡುವ ವಿಷಯ ಅಲ್ಲ ಎಂದು ನಾನು ಕಲಿತೆ. ಯಾರೂ ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ. ಮುಂದಿನ ವರ್ಷ ಶಾಲೆಯ ಬಸ್ಸಿನಲ್ಲಿ ದೊಡ್ಡ ಹುಡುಗನೊಬ್ಬ ತನ್ನ ಫೋನಿನಲ್ಲಿ ನಾವು ಯಾರೂ ನೋಡಬಾರದಂಥ ವಿಡಿಯೊ ತೋರಿಸಿದ. ನನಗೆ ಹೆದರಿಕೆಯಾಯಿತು. ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮ "ಯಾಕೋ ಸಪ್ಪಗಿದ್ದೀಯ" ಅಂದಾಗಲೆಲ್ಲ "ಹೊಟ್ಟೆನೋವು" ಅಂದೆ. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ನಾನು ನಿಜ ಹೇಳಿದ್ದು ಹೋದ ತಿಂಗಳು, ಈ ಪತ್ರದ ಮಾತು ಬಂದಾಗ. ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರ ಕಥೆ ಹೇಳಿದರು. ಮೈಸೂರಿನಲ್ಲಿ ಹತ್ತನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹೋದರಂತೆ. ಮನೆಯಲ್ಲಿ ಅಜ್ಜಿ "ಅದೆಲ್ಲ ಸ್ಕೂಲಲ್ಲಿ ಹೇಳ್ಕೊಡ್ತಾರೆ" ಅಂದರಂತೆ. ಇಬ್ಬರಲ್ಲಿ ಯಾರೂ ಹೇಳಲಿಲ್ಲ.

ವಿರೋಧಿಸುವವರ ಮಾತನ್ನೂ ನಾನು ಕೇಳಿದ್ದೇನೆ. "ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ?" ಎನ್ನುವುದು ಮೊದಲ ಪ್ರಶ್ನೆ. ಇದು ಕೆಟ್ಟ ಪ್ರಶ್ನೆಯಲ್ಲ. ಐದು ವರ್ಷದ ಮಗುವಿಗೆ ಹೇಳುವುದನ್ನೂ ಹತ್ತು ವರ್ಷದ ಮಗುವಿಗೆ ಹೇಳುವುದನ್ನೂ ಬೇರೆ ಬೇರೆ ಇಡಬೇಕು. ಆದರೆ ಇಯರ್ ಸಿಕ್ಸ್‌ಗೆ ಬರುವಷ್ಟರಲ್ಲಿ ಕೆಲವು ಹುಡುಗಿಯರಿಗೆ ಆಗಲೇ ಮುಟ್ಟು ಶುರುವಾಗಿರುತ್ತದೆ. ಅವರಿಗೆ ಪಾಠ ತಡವಾಗಿ ಬಂದಿದೆ, ಬೇಗ ಅಲ್ಲ. ಹುಡುಗರಿಗೂ ಅದು ಗೊತ್ತಿರಬೇಕು, ಇಲ್ಲದಿದ್ದರೆ ನಗುವುದೊಂದೇ ಅವರಿಗೆ ಬರುವುದು.

ಎರಡನೆಯದು, "ನಮ್ಮ ಸಂಸ್ಕೃತಿಯೇ ಬೇರೆ" ಎಂಬ ಮಾತು. 2019ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೋಷಕರು ತಿಂಗಳುಗಟ್ಟಲೆ ಶಾಲೆಯ ಮುಂದೆ ಪ್ರತಿಭಟನೆ ಮಾಡಿದ್ದು, ಅದು ಹೈಕೋರ್ಟ್‌ವರೆಗೆ ಹೋದದ್ದು ನಿಮಗೆ ನೆನಪಿರಬಹುದು. ಎರಡು ಅಪ್ಪಂದಿರು ಅಥವಾ ಎರಡು ಅಮ್ಮಂದಿರು ಇರುವ ಮನೆಗಳೂ ಇವೆ ಎಂದು ಹೇಳಿಕೊಡುವುದರ ವಿರುದ್ಧವೂ ಆ ಜಗಳ ಇತ್ತು. ಅಂಥ ಮನೆಯ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಅವರ ಮನೆ ಇದೆ ಎಂದು ಹೇಳುವುದರಿಂದ ನಮ್ಮ ಮನೆಗೆ ಏನೂ ಕಡಿಮೆಯಾಗುವುದಿಲ್ಲ. ಇನ್ನು ನಮ್ಮ ಸಂಸ್ಕೃತಿಯ ಮಾತು. ಹುಡುಗಿ ದೊಡ್ಡವಳಾದರೆ ಆರತಿ ಮಾಡಿ, ಚಿಗಳಿ ಉಂಡೆ ಕೊಟ್ಟು, ನೆಂಟರನ್ನೆಲ್ಲ ಕರೆಯುವ ಪದ್ಧತಿ ನಮ್ಮಲ್ಲೇ ಇದೆ. ಊರಿಗೆಲ್ಲ ಹೇಳುತ್ತೇವೆ, ಆದರೆ ಏನಾಯಿತು ಎಂದು ಆ ಹುಡುಗಿಗೆ ಮಾತ್ರ ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಇದೆ. ವೈದ್ಯೆಯಾಗಿದ್ದ ಅವರೇ ಹರೆಯಕ್ಕೆ ಬರುವ ಹುಡುಗಿಯರಿಗಾಗಿ 'ಕೇಳು ಕಿಶೋರಿ' ಎಂಬ ಪುಸ್ತಕ ಬರೆದಿದ್ದಾರೆ. ಅವರು ತೀರಿಕೊಂಡದ್ದು 1991ರಲ್ಲಿ. ಅಂದರೆ ಈ ಮಾತು ಕನ್ನಡಕ್ಕೆ ಹೊಸದಲ್ಲ, ಇಂಗ್ಲೆಂಡಿನಿಂದ ಬಂದದ್ದೂ ಅಲ್ಲ.

ಮೂರನೆಯದು, "ನಾವೇ ಮನೆಯಲ್ಲಿ ಹೇಳುತ್ತೇವೆ" ಎಂಬ ಮಾತು. ಇದು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವತ್ತು ಹೇಳುತ್ತೀರಿ? ಯಾವ ಭಾಷೆಯಲ್ಲಿ?

ಭಾಷೆ ಯಾಕೆ ಮುಖ್ಯ ಎಂದು ಹೇಳುತ್ತೇನೆ. ನಮ್ಮ ಕನ್ನಡ ಶಾಲೆಯಲ್ಲಿ ನಾನು ಈಗ ಚಿಕ್ಕ ಮಕ್ಕಳ ತರಗತಿಗೆ ಸಹಾಯಕ. ದೇಹದ ಭಾಗಗಳ ಪಾಠದಲ್ಲಿ ತಲೆ, ಕುತ್ತಿಗೆ, ಎದೆ, ಹೊಟ್ಟೆ, ಸೊಂಟ ಎಂದು ಹೇಳಿಸುತ್ತೇವೆ. ಸೊಂಟ ಆದ ಮೇಲೆ ನೇರವಾಗಿ ತೊಡೆಗೆ ಹಾರುತ್ತೇವೆ. ನಡುವೆ ಏನೂ ಇಲ್ಲ. ಮನೆಯಲ್ಲಿ ಆ ಭಾಗಕ್ಕೆ ಇರುವ ಹೆಸರು "ಶೇಮ್ ಶೇಮ್". ಯೋಚಿಸಿ, ಮಗು ತನ್ನ ಮೈಯ ಒಂದು ಭಾಗಕ್ಕೆ ಕಲಿಯುವ ಮೊದಲ ಹೆಸರೇ ನಾಚಿಕೆ.

ಇಲ್ಲಿನ ಶಾಲೆಯಲ್ಲಿ ಎನ್‌ಎಸ್‌ಪಿಸಿಸಿ ಸಂಸ್ಥೆಯ ಪ್ಯಾಂಟ್ಸ್ ನಿಯಮವನ್ನು ಚಿಕ್ಕ ಮಕ್ಕಳಿಗೇ ಹೇಳಿಕೊಡುತ್ತಾರೆ. ಹಳದಿ ಡೈನೋಸಾರ್ ಪ್ಯಾಂಟೊಸಾರಸ್‌ನ ಹಾಡು ನಿಮ್ಮ ಮಕ್ಕಳಿಗೂ ಗೊತ್ತಿರುತ್ತದೆ. ಒಳಚಡ್ಡಿಯ ಒಳಗಿನದು ನಿನ್ನದು, ಬೇಡ ಎಂದರೆ ಬೇಡ, ಮನಸ್ಸಿಗೆ ಹಿಂಸೆಯಾಗುವ ಗುಟ್ಟನ್ನು ನಂಬಿಕೆಯ ದೊಡ್ಡವರಿಗೆ ಹೇಳು, ಇದೇ ಅದರ ಸಾರ. ಆದರೆ ಬೇಸಿಗೆ ರಜೆಗೆ ನಾವು ಊರಿಗೆ ಹೋಗುತ್ತೇವೆ. ಮನೆ ತುಂಬ ನೆಂಟರು, ಬಂದುಹೋಗುವವರು. ಅಲ್ಲಿ ಏನಾದರೂ ಆದರೆ ಮಗು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಯಾವ ಪದದಿಂದ ಹೇಳುತ್ತದೆ? 2007ರಲ್ಲಿ ಭಾರತ ಸರ್ಕಾರವೇ 13 ರಾಜ್ಯಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ 53%ಕ್ಕೂ ಹೆಚ್ಚು ಮಕ್ಕಳು ತಮಗೆ ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಎಂದಿದ್ದರು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಅದನ್ನು ಮಾಡಿದವರು ಮಗುವಿಗೆ ಗೊತ್ತಿದ್ದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ನಾನು ಬಸ್ಸಿನ ವಿಷಯ ಹೇಳದೇ ಇದ್ದದ್ದು ಯಾಕೆ ಎಂದು ನನಗೆ ಗೊತ್ತು. ಅವರು ಯಾಕೆ ಹೇಳಲಿಲ್ಲ ಎಂದು ನಾನು ಊಹಿಸಬಲ್ಲೆ.

ಹಾಗಾಗಿ ನಿಮ್ಮಲ್ಲಿ ಮೂರು ಕೋರಿಕೆ.

ಒಂದು, ಸಹಿ ಹಾಕುವ ಮುಂಚೆ ಶಾಲೆಗೆ ಹೋಗಿ ಪಾಠವನ್ನು ನೋಡಿ. ಕೇಳಿದರೆ ಶಾಲೆಯವರು ತೋರಿಸಬೇಕು. ಅಮ್ಮ ಹೋಗಿ ನೋಡಿ ಬಂದರು. "ಇಷ್ಟೇನಾ? ನಮ್ಮ ಮೇಷ್ಟ್ರು ಬಿಟ್ಟುಬಿಟ್ಟ ಚಿತ್ರಗಳೇ ಇವು" ಅಂದರು. ನೋಡಿದ ಮೇಲೂ ಯಾವುದಾದರೂ ಸರಿಯಿಲ್ಲ ಅನ್ನಿಸಿದರೆ ಟೀಚರ್‌ಗೆ ಹೇಳಿ. ಅದು ನಿಮ್ಮ ಹಕ್ಕು.

ಎರಡು, ಬಿಡಿಸಲೇಬೇಕು ಎಂದಿದ್ದರೆ ಅದೇ ವಾರ ಮನೆಯಲ್ಲಿ ನೀವೇ ಹೇಳಿಕೊಡಿ. ಅಪ್ಪಂದಿರೂ ಕೂತು ಮಾತಾಡಿ. ನಿಮಗೆ ಸಂಕೋಚವಾದರೆ "ನನಗೂ ಸಂಕೋಚ" ಎಂದೇ ಶುರು ಮಾಡಿ. ಮಕ್ಕಳಿಗೆ ಅದು ಸಾಕು.

ಮೂರು, ನಮ್ಮ ಕನ್ನಡ ಶಾಲೆಯ ದೇಹದ ಪಾಠಕ್ಕೆ ಬಿಟ್ಟುಹೋದ ಪದಗಳನ್ನು ಸೇರಿಸಿ. ಯೋನಿ, ಶಿಶ್ನ, ಮುಟ್ಟು. ಮೂರು ಪದ, ಒಂದು ಶನಿವಾರ. ಜೊತೆಗೆ ಎರಡು ಫೋನ್ ನಂಬರ್: ಇಲ್ಲಿನ ಚೈಲ್ಡ್‌ಲೈನ್ 0800 1111, ಭಾರತದಲ್ಲಿ 1098.

ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಅಮ್ಮ ಬೇಡ ಅನ್ನುತ್ತಾರೆ, ಅಪ್ಪ "ನೋಡೋಣ" ಅನ್ನುತ್ತಿದ್ದಾರೆ. ಪತ್ರವನ್ನು ನಾನಿನ್ನೂ ಪ್ರಿಂಟ್ ಮಾಡಿಲ್ಲ. ತಂಗಿ ಮಾತ್ರ ಮೊನ್ನೆ ಊಟಕ್ಕೆ ಕೂತಾಗ "ನನ್ನನ್ನು ಯಾರೂ ಯಾಕೆ ಕೇಳ್ತಿಲ್ಲ?" ಅಂದಳು. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ.