ಕೋಡಿಯಿಲ್ಲದ ಡ್ಯೂಟಿ

ಮೆಡಿಕಲ್ ಪಿಜಿ ಸೀಟಿನ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ನಮ್ಮ ಕಡೆ ಎಲ್ಲರೂ ಕೌನ್ಸೆಲರ್‌ಗಳೇ. ರ‍್ಯಾಂಕ್ ಎಷ್ಟು, ಬ್ರಾಂಚ್ ಯಾವುದು, ಫೀಸು ಎಷ್ಟು, 371(ಜೆ) ಕೋಟಾದಲ್ಲಿ ಎಲ್ಲಿ ಸಿಗುತ್ತದೆ? ಇಷ್ಟಕ್ಕೆ ಪ್ರಶ್ನೆಪತ್ರಿಕೆ ಮುಗಿಯಿತು. ಸುರಪುರ ಸೀಮೆಯ ಬೋನಾಳದ ನಮ್ಮ ಬಳಗದ ಹುಡುಗಿಯೊಬ್ಬಳು ಈ ವಾರ ಇನ್ನೊಂದನ್ನು ಕೇಳಿಬಿಟ್ಟಳು: “ಅಲ್ಲಿ ಡ್ಯೂಟಿ ಹೆಂಗಿರ್ತದ, ಸೀನಿಯರ್ಸ್ ಹೆಂಗದಾರ?” ಕೂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂದದ್ದು ಆ ನಗುವಿಗೆ.

ಹುಡುಗಿ ಕೇಳಿದ್ದು ಹೊಸದೇನಲ್ಲ. ರೆಸಿಡೆಂಟರ ಪಾಳಿ ಒಂದೇ ಸಮನೆ 12 ತಾಸು ಮೀರಬಾರದು, ವಾರಕ್ಕೆ 48 ತಾಸು ಸಾಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. 2023ರ ಪಿಜಿ ನಿಯಮಾವಳಿ ತಾಸಿನ ಲೆಕ್ಕವನ್ನೇ ಕೈಬಿಟ್ಟು, ಸಮಂಜಸ ಅವಧಿ ಎಂದಷ್ಟೇ ಬರೆದು ಕೈತೊಳೆದುಕೊಂಡಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ತಾಸು, ಒಂದು ದಿನ ರಜೆ ಎಂದಿತು. 48 ಇದ್ದದ್ದು 74 ಆಗಿದೆ. ಇದನ್ನೂ ಸುಧಾರಣೆ ಎನ್ನಬೇಕು!

ಬೋನಾಳ ಕೆರೆಯ ಮಾತಿಲ್ಲದೆ ನನ್ನ ಅಂಕಣ ಮುಗಿಯುವುದಿಲ್ಲ ಎಂದು ಓದುಗರು ಗೊಣಗುತ್ತಾರೆ. ಗೊಣಗಲಿ. ಸುರಪುರದ ಪಾಮನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೆರೆಯದು. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಇನ್ನಷ್ಟು ಅಭಿವೃದ್ಧಿಪಡಿಸಿದ. ಬಂದವರೆಲ್ಲ ಹಕ್ಕಿ ನೋಡುತ್ತಾರೆ, ನಾನು ಏರಿ ನೋಡುತ್ತೇನೆ. ಕೆರೆ ಕಟ್ಟುವವನು ಕೋಡಿಗೆ ಜಾಗ ಬಿಟ್ಟೇ ಏರಿ ಎತ್ತುತ್ತಾನೆ. ನೀರು ಬೇಡವೆಂದಲ್ಲ, ಏರಿ ಎಷ್ಟು ತಡೆದೀತು ಎಂಬ ಅಂದಾಜು ಅವನಿಗಿರುತ್ತದೆ. ನಮ್ಮ ಬೋಧನಾ ಆಸ್ಪತ್ರೆಗಳಿಗೆ ಕೋಡಿಯೇ ಇಲ್ಲ. ಹೆಚ್ಚಾದದ್ದೆಲ್ಲ ಫಸ್ಟ್ ಇಯರ್ ಪಿಜಿಯ ತಲೆಯ ಮೇಲೆ.

ಹಾಗಂತ ಕೆಲಸವಿಲ್ಲದ ಕಾಲೇಜು ಹುಡುಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಲಬುರಗಿಯ ಜಿಮ್ಸ್, ರಾಯಚೂರಿನ ರಿಮ್ಸ್‌ನಂಥ ಕಡೆ ಸುತ್ತಲಿನ ತಾಲ್ಲೂಕುಗಳ ಕೇಸುಗಳು ಬಂದು ಬೀಳುತ್ತವೆ, ಕೈ ಪಳಗುವುದೂ ಅಂಥಲ್ಲೇ. ಖಾಲಿ ವಾರ್ಡಿನಲ್ಲಿ ಮೂರು ವರ್ಷ ಹಾಯಾಗಿದ್ದು ಬಂದ ಸರ್ಜನ್ನನ ಕೈಗೆ ನಾನಂತೂ ನನ್ನ ಹೊಟ್ಟೆ ಒಪ್ಪಿಸಲಾರೆ. ಆದರೆ ಹೊರೆ ಯಾವುದರದ್ದು ಎಂದು ನೋಡಬೇಕು. ರಾತ್ರಿಯಿಡೀ ಹೆರಿಗೆ ಮಾಡಿಸಿ ದಣಿಯುವುದು ಬೇರೆ. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡಿ, ಸ್ಟ್ರೆಚರ್ ತಳ್ಳಿ, ರೌಂಡ್ಸ್‌ಗೆ ಮುಂಚೆ ಕೇಸ್ ಶೀಟ್ ತುಂಬಿ ದಣಿಯುವುದು ಬೇರೆ. ಮೊದಲನೆಯದು ಕಲಿಕೆ, ಎರಡನೆಯದು ಭರ್ತಿಯಾಗದ ಹುದ್ದೆಗಳ ಬಿಟ್ಟಿ ಚಾಕರಿ.

ಅದಕ್ಕೇ ಹುಡುಗಿಗೆ ಹೇಳಿದೆ: ಎಚ್‌ಒಡಿಯನ್ನು ಕೇಳಬೇಡ, ಸೆಕೆಂಡ್ ಇಯರ್ ಪಿಜಿಗಳನ್ನು ಮೆಸ್ಸಿನಲ್ಲಿ ಹಿಡಿದು ಕೇಳು. ರಾತ್ರಿ ಎರಡಕ್ಕೆ ಕೇಸು ಕೈಮೀರಿದರೆ ಮೇಲಿನವರು ಫೋನ್ ಎತ್ತುತ್ತಾರೋ? ಎತ್ತಿದವರು ಬರುತ್ತಾರೋ, ಬೈದು ಇಡುತ್ತಾರೋ? ನೈಟ್ ಡ್ಯೂಟಿಯ ಮರುದಿನದ ಆಫ್ ನಿಜಕ್ಕೂ ಸಿಗುತ್ತದೋ, ರಿಜಿಸ್ಟರಿನಲ್ಲಷ್ಟೇ ಇದೆಯೋ? ನಡುವೆ ಸೀಟು ಬಿಟ್ಟು ಹೋದವರೆಷ್ಟು? ಸೇರಿದ ಮೇಲೆ ಕೇಳಿ ಫಲವಿಲ್ಲ. ಬಾಂಡ್ ಬರೆಸಿಕೊಂಡ ಕಡೆ ಸೀಟು ಬಿಟ್ಟರೆ ಲಕ್ಷಗಟ್ಟಲೆ ದಂಡ. ಆ ಬಾಂಡ್ ಕೈಬಿಡಿ ಎಂದು 2024ರ ಜನವರಿಯಲ್ಲಿ ಆಯೋಗವೇ ರಾಜ್ಯಗಳಿಗೆ ಹೇಳಬೇಕಾಯಿತು.

ಅಲ್ಲೇ ಕೂತಿದ್ದ ಹಿರಿಯ ಡಾಕ್ಟರ್ ಕಾಕಾರಿಗೆ ಇದು ತಡೆಯಲಿಲ್ಲ. “ಡ್ಯೂಟಿಗಿ ಅಂಜಾಕಿ ಡಾಕ್ಟರ್ ಯಾಕಾಗ್ಬೇಕವ್ವ? ಮೂರು ದಿನ ಕಣ್ಣು ಮುಚ್ಚದಂಗ ದುಡದೀವಿ ನಾವು. ಏನಾಗ್ಯಾದ ನಮಗ?” ಏನೂ ಆಗಿಲ್ಲ, ಆ ಮೂರು ದಿನದ ಕಥೆಯನ್ನು ಮೂವತ್ತು ವರ್ಷ ಹೇಳುವ ಚಟವೊಂದು ಅಂಟಿದೆ. ಇದೇ ಕಾಕಾ ತಮ್ಮ ಮೊಣಕಾಲಿನ ಆಪರೇಷನ್‌ಗೆ ಹೈದರಾಬಾದಿಗೆ ಹೋದಾಗ, ಸೋಮವಾರ ಮುಂಜಾನೆಯ ಮೊದಲ ಕೇಸೇ ತಮ್ಮದಾಗಬೇಕೆಂದು ಹಟ ಹಿಡಿದಿದ್ದರು. ಸರ್ಜನ್ ಭಾನುವಾರ ಚೆನ್ನಾಗಿ ನಿದ್ದೆ ಮಾಡಿ ಬಂದಿರಲಿ ಎಂದು!